ಅಡಿಲೇಡಿನಲ್ಲಿ ಅರುಂಧತಿ

ಬೆರಳು ನೆಟ್ಟಗಿದೆ, ದರ್ಭೆಯ ಉಂಗುರ ತೊಟ್ಟ ಕೈಯ ಬೆರಳು, ಮದುವೆ ಹಾಲ್‌ನ ಹಿಂದಿನ ಕಾರ್ ಪಾರ್ಕಿನ ಬೇಲಿಯ ಮೇಲೆ, ಉತ್ತರಕ್ಕೆ — ಅಲ್ಲೇನಿದೆ ಮಣ್ಣು, ಬರೀ ಕತ್ತಲು, ಜೂನ್ ತಿಂಗಳ ಚಳಿ, ಆದರೂ ಪುರೋಹಿತ ಸತ್ಯನಾರಾಯಣರು ನೋಡಮ್ಮಾ ಅರುಂಧತಿ, ಕಾಣಿಸ್ತು ಅನ್ನು ಅಂತಾರೆ, ಮಗಳು ಪ್ರಣತಿ ನನ್ನ ಮುಖ ನೋಡುತ್ತಾಳೆ, ಅಮ್ಮಾ, ದೇರ್ ಈಸ್ ನಥಿಂಗ್ ದೇರ್, ಮದುಮಗಳು ಹೀಗನ್ನಬಹುದೇ, ಅಳಿಯ ಕೌಸ್ತುಭ್ ಕಿಸಕ್ಕೆನ್ನುತ್ತಾನೆ, ಈಗಷ್ಟೇ ಬ್ರಿಸ್ಬೇನಿನಿಂದ ಮೈದುನ ಪ್ರಶಾಂತನ ಫೋನು, ಅತ್ತಿಗೆ, ಇಲ್ಲಿ ಮರದ ಮೇಲೇ ಕಾಣ್ತಿದೆ, ನಿಮಗ್ಯಾಕೆ ಕಾಣಲ್ಲ — ಯಾಕೆ, ಅದನ್ನು ಇವರು ಹೇಳಿದ್ದರಲ್ಲ, ನನ್ನವರು, ಮುಹೂರ್ತ ಇಟ್ಟ ದಿನವೇ, ಪರ್ತ್‌ನ ನಮ್ಮ ಅಡುಗೆಮನೆಯಲ್ಲಿ ಕಿತ್ತಳೆಹಣ್ಣಿಗೆ ಸಾಸಿವೆ ಅಂಟಿಸಿ, ಇದು ಬ್ರಿಸ್ಬೇನು, ಇದು ಪರ್ತು, ಕೆಳಗಿಂದು ಅಡಿಲೇಡು, ಹಳೇ ಗ್ರೀಕರು ಈಜಿಪ್ಟಿನಲ್ಲಿ ನೋಡಿದ ನಕ್ಷತ್ರ ಅವರು ತಮ್ಮೂರಿಗೆ ವಾಪಸ್ ಬಂದ್ರೆ ಕಾಣ್ತಿರಲಿಲ್ಲ ರುಕ್ಕೂ, ನೆಲ ಚಪ್ಪಟೆಯಾಗಿದ್ರೆ ಎಲ್ರಿಗೂ ಕಾಣ್ಬೇಕಿತ್ತಲ್ವಾ, ದುಂಡಗಿದೆ ಅಂತ ಅದರಿಂದ್ಲೂ ಗೊತ್ತಾಯ್ತು ಕಣೇ, ಅಡಿಲೇಡಿನಲ್ಲಿ ಅರುಂಧತಿ ಭೂಮಿ ಹೊಟ್ಟೆ ಹಿಂದೆ, ಪುರೋಹಿತರು ಬೆರಳು ತೋರಿಸಿದ್ರೆ ನಗ್ಬೇಡ — ಆಗಲೇ ನಕ್ಕಿದ್ದೆ, ಸಾಸಿವೆ ಚೆಲ್ಲಿದ್ದಕ್ಕೆ ಬೈದಿದ್ದೆ, ಆಮೇಲೆ ಇವರಿಗೆ ಸ್ಟ್ರೋಕು, ಆಸ್ಪತ್ರೆ, ಡಾಕ್ಟರು, ನೆನಪು ಬರಬಹುದು, ಬರದೆಯೂ ಇರಬಹುದು, ಮದುವೆ ನಿಲ್ಲಿಸಬೇಡಿ ಅಂದರು ಎಲ್ಲರೂ, ಅವರನ್ನು ಅಲ್ಲೇ ಬಿಟ್ಟು ಬಂದೆ, ಬರಬಾರದಿತ್ತೋ ಏನೋ, ಯಾವುದು ಸರಿ, ನನಗೊಂದೂ ತಿಳಿಯುತ್ತಿಲ್ಲ —

ಮತ್ತೆ ಫೋನು, ಪರ್ತಿನಿಂದ, ಅವರದೇ ಧ್ವನಿ, ಸ್ವಲ್ಪ ತೊದಲು, ರುಕ್ಕೂ, ಅರುಂಧತಿ ಕಾಣಿಸ್ತೇನೇ? — ಅಯ್ಯೋ, ನನ್ನ ಹೆಸರು ನೆನಪಿದೆ, ಅರುಂಧತಿಯೂ ನೆನಪಿದೆ, ಹಾಗಾದರೆ ಇದೇನು, ತಮಾಷೆಯೇ, ಕಾಣುವುದಿಲ್ಲವೆಂದು ಹೇಳಿಕೊಟ್ಟವರೇ ಕಾಣಿಸ್ತಾ ಅಂತ ಕೇಳುವುದೇ, ನನ್ನನ್ನು ಆಟ ಆಡಿಸುತ್ತಿದ್ದಾರೆ, ಹಾಗೇ ಇರಬೇಕು, ಇಲ್ಲದಿದ್ದರೆ — ಬೇಡ, ಕಾಣಿಸ್ತು ರೀ, ಚೆನ್ನಾಗಿ ಕಾಣಿಸ್ತು ಅಂದುಬಿಟ್ಟೆ, ಈಗ ಬಯ್ಯಿರಿ, ಸುಳ್ಳಿ, ಅಡಿಲೇಡಿಗೆ ಎಲ್ಲಿಂದ ಬಂತೇ ಅರುಂಧತಿ ಅನ್ನಿ, ಕಿತ್ತಳೆ ತಾ ಅನ್ನಿ, ಅಡುಗೆಮನೆ ತುಂಬಾ ಸಾಸಿವೆ ಚೆಲ್ಲಿ, ಒಂದು ಮಾತೂ ಆಡುವುದಿಲ್ಲ, ಅನ್ನಿ, ದೇವರೇ, ಅನ್ನಲಿ —

ಹೌದಾ, ಒಳ್ಳೇದಾಯ್ತು ಬಿಡು, ಅಂದರು. ಅಷ್ಟೇ ಅಂದರು. ನಂಬಿಬಿಟ್ಟರು. ಕಾಣಿಸ್ತು ಅನ್ನಮ್ಮಾ ಅಂತಾರೆ ಪುರೋಹಿತರು, ಕಾಣಿಸ್ತು ಅಂತಾಳೆ ಪ್ರಣತಿ, ಅಕ್ಷತೆ ಬೀಳುತ್ತಿದೆ, ನನ್ನ ಕೈಯಲ್ಲಿ ಫೋನು, ಬೇಲಿಯ ಮೇಲೆ ಇನ್ನೂ ಬೆರಳು, ದರ್ಭೆಯ ಉಂಗುರ, ಅದರ ತುದಿಯಲ್ಲಿ ಕತ್ತಲು, ಬೆರಳು —