ಪುಟದೊಳಗಿನ ಹೆಬ್ಬೆರಳು

ಹೆಬ್ಬೆರಳು, ಮೊದಲು ಕಣ್ಣಿಗೆ ಬಿದ್ದದ್ದು ಅದೇ, ತನ್ನ ಕನ್ನಡಕದಂಗಡಿಯ ಗಾಜಿನ ಬಾಗಿಲಾಚೆ, ರಸ್ತೆಯ ಆ ಬದಿ, ಬಸ್ ನಿಲ್ದಾಣದ ಬೆಂಚಿನ ಮೇಲೆ ಯಾರೋ ಒಬ್ಬರು ಮಡಿಲಲ್ಲಿನ ಪುಸ್ತಕದೊಳಗೆ ಹೆಬ್ಬೆರಳು ಸಿಕ್ಕಿಸಿಕೊಂಡು ಬಸ್ಸಿಗಾಗಿ ಕತ್ತು ಚಾಚುತ್ತಿದ್ದಾರೆ, ಹಾಗೆ ಬೆರಳಿಡುವವರು ಊರಲ್ಲಿ ಎಷ್ಟೋ ಜನ ಇದ್ದಾರು, ಇರಲಿ, ಆದರೆ ಆ ಮೂಗು, ಆ ಕತ್ತು — ಕೂದಲು ಗಿಡ್ಡ ಮಾಡಿಸಿದ್ದಾರೆ, ಅಯ್ಯೋ, ಅತ್ತಿಗೆ, ಅತ್ತಿಗೆಯೇ, ಆಗೆಲ್ಲ ಅಡುಗೆಮನೆಯಲ್ಲಿ ತಾನು, ಪುಸ್ತಕ ಕೆಳಗಿಡಿ ಅತ್ತಿಗೆ ಹಾಲು ಉಕ್ಕುತ್ತೆ, ಉಕ್ಕಲಿ ಬಿಡೇ ಈ ಪುಸ್ತಕದಲ್ಲಿ ಒಬ್ಬಳ ಪ್ರಾಣ ಹೋಗ್ತಿದೆ, ಎನ್ನುತ್ತಲೇ ಒಂದು ಕೈಯಲ್ಲಿ ಒಲೆ ಆರಿಸಿ, ಅದೇ ಕೈಯಲ್ಲಿ ಫೋನೆತ್ತಿ, ಇನ್ನೊಂದು ಕೈಯ ಹೆಬ್ಬೆರಳು ಮಾತ್ರ ಪುಟ ಬಿಟ್ಟು ಅಲ್ಲಾಡುತ್ತಿರಲಿಲ್ಲ, ದೇವರು ನನ್ನ ಸೊಸೆಗೆ ಒಂದೇ ಕೈ ಕೊಟ್ಟಿದ್ದಾನೆ ಎಂದು ಅಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳು, ಈಗ ಅಮ್ಮನ ಬಾಯಲ್ಲಿ ಅವರು ಆ ಮಹಾರಾಯ್ತಿ, ಅಣ್ಣನ ಬಾಯಲ್ಲಿ ಏನೂ ಇಲ್ಲ, ಕೋರ್ಟು ಅವರನ್ನು ಅಣ್ಣನಿಂದ ಬಿಡಿಸಿತು ಸರಿ, ನಾದಿನಿಯಿಂದ ಬಿಡಿಸಿದ್ದು ಯಾರು, ತನ್ನನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಎಡಗಿವಿಗೆ ಒತ್ತುತ್ತೆ ನೋಡು ಮಗಳೇ, ಎಂದರು ಎದುರಿಗೆ ಕೂತ ಗಡಿಯಾರ ರಿಪೇರಿಯ ತಾತ, ಮೂಗಿನ ಮೇಲೆ ಹೊಸ ಕನ್ನಡಕ, ಕೈಯಲ್ಲಿ ಕೌಂಟರಿನ ಕಾದಂಬರಿ, ಬೇರೆ ಅಂಗಡಿಗಳಲ್ಲಿ ಓದಿ ನೋಡಿ ಎಂದು ಸಣ್ಣಕ್ಷರದ ಕಾರ್ಡು ಕೊಡುತ್ತಾರೆ, ಇಲ್ಲೂ ಅದೇ ಇತ್ತು, ಒಮ್ಮೆ ಅತ್ತಿಗೆ ಬಂದವರು ಓದಿ ಮುಖ ಸಿಂಡರಿಸಿ, ಇದನ್ನ ಬರೆದವನಿಗೆ ಕಥೆ ಹೇಳೋಕೆ ಬರಲ್ಲ ಕಣೇ, ಇರೋ ಕಣ್ಣೂ ಹೋಗುತ್ತೆ, ಒಂದು ಕಾದಂಬರಿ ಇಡು — ಇಟ್ಟಳು, ತಾವಿಬ್ಬರೂ ಓದಿ ಕಚ್ಚಾಡಿದ್ದನ್ನೇ ಇಟ್ಟಳು, ಅಂದಿನಿಂದ ಗಿರಾಕಿಗಳಿಗೆ ಕನ್ನಡಕದ ನೆನಪೇ ಇರುವುದಿಲ್ಲ, ಕಾದಂಬರಿಯದೇ ಮಾತು, ಪಾಪ ಗಂಡ ಒಳ್ಳೆಯವನು, ಇವಳಿಗೇ ಕೊಬ್ಬು, ಇಲ್ಲಾರೀ ಆ ಮೂಗಬಸವನ ಜೊತೆ ಯಾರು ಬಾಳ್ತಾರೆ, ತಾನು ಹೂಂ ಹೂಂ ಎನ್ನುತ್ತ ಸ್ಕ್ರೂ ಬಿಗಿಮಾಡುತ್ತಾಳೆ, ಯಾರೂ ಅತ್ತಿಗೆಯ ಹಾಗೆ ಜಗಳಕ್ಕೆ ಬೀಳುವುದಿಲ್ಲ, ಬಾ ವಕೀಲೆ, ಇವತ್ತು ಯಾರ ಪರ ನೀನು, ಎಂದು ಯಾರೂ ರೇಗಿಸುವುದಿಲ್ಲ. ಆ ಕಾದಂಬರಿಯಲ್ಲಿ ಒಬ್ಬಳು ಅಡುಗೆ ಮಾಡಿಟ್ಟು, ಪಾತ್ರೆಗಳಿಗೆಲ್ಲ ಮುಚ್ಚಳ ಮುಚ್ಚಿ, ಎದ್ದು ಹೋಗಿಬಿಡುತ್ತಾಳೆ, ಎಷ್ಟು ಚೆನ್ನಾಗಿ ಎದ್ದು ಹೋದಳು, ನೀವು ಓದಲೇಬೇಕು ಅತ್ತಿಗೆ, ಓದಿದರು, ಹೋದದ್ದೇನೋ ಸರಿ, ಆ ರಾತ್ರಿ ಎಲ್ಲಿ ಮಲಗಿದಳು ಅಂತ ಬರೆಯೋಕೆ ಈ ಪುಣ್ಯಾತ್ಮನಿಗೆ ಏನು ರೋಗ, ಎಂದರು, ಮಳೆಗಾಲ ಮುಗಿಯುವ ಹೊತ್ತಿಗೆ ತಾವೇ ಎದ್ದು ಹೋದರು, ನೀನೇ ಕಣೇ ಆ ಪುಸ್ತಕ ಕೊಟ್ಟು ತಲೆ ಕೆಡಿಸಿದ್ದು, ಅಮ್ಮ ಇವತ್ತಿಗೂ ಅನ್ನುತ್ತಾಳೆ, ಪುಸ್ತಕ ಏನು ಮಾಡೀತು, ಸಾಕ್ಸ್ ಎಲ್ಲಿ ಎಂದು ಕೇಳುವುದು ಬಿಟ್ಟರೆ ಅಣ್ಣ ಅವರ ಹತ್ತಿರ ಬಾಯಿ ಬಿಟ್ಟದ್ದೇ ಇಲ್ಲ, ಹೋದದ್ದು ಒಳ್ಳೆಯದೇ ಆಯಿತು, ತಾನು ಯಾರೆದುರು ಬೇಕಾದರೂ ಹೇಳುತ್ತಾಳೆ, ಆದರೆ ಹೋಗುವಾಗ ತನ್ನನ್ನೂ ಆ ಮನೆಯ ಸಾಮಾನಿನ ಜೊತೆ ಬಿಟ್ಟು ಹೋಗಬೇಕಿತ್ತೇ. ಫೋನ್ ನಂಬರೂ ಬದಲಾಯಿತು. ಈಗ ಕಾದಂಬರಿ ಮುಗಿಸಿದರೆ ಹೇಳಿಕೊಳ್ಳಲು ಗೋಡೆ ಒಂದೇ, ಓದಿಯೂ ಓದದ ಹಾಗೆ, ಅತ್ತಿಗೆ ಬೇಕು, ಬೇರೇನೂ ಬೇಡ, ಊಟ ಮುಗಿಸಿ ಅಮ್ಮ ನಡುಮನೆಯಲ್ಲಿ ನಿದ್ದೆಹೋದಾಗ ಬಾಗಿಲಲ್ಲಿ ನಿಂತು, ಮಾತಿಲ್ಲದೆ ಪುಸ್ತಕದ ರಟ್ಟನ್ನು ತನ್ನ ಕಡೆಗೆ ಎತ್ತಿ ಹಿಡಿದು ಹುಬ್ಬು ಹಾರಿಸುತ್ತಿದ್ದರಲ್ಲ, ಅಂದರೆ ಇದನ್ನು ಓದು ಎಂದು, ಆ ಅತ್ತಿಗೆ.

ಹೋಗಬೇಕು, ತಾತನ ಮೂಗಿನಿಂದ ತೆಗೆದುಕೊಂಡ ಕನ್ನಡಕದ ಈ ಕಡ್ಡಿ ಒಂದು ಸರಿಮಾಡಿ ರಸ್ತೆ ದಾಟಿಬಿಡಬೇಕು, ತನ್ನ ಕನ್ನಡಕ ತೆಗೆದು ಕೌಂಟರಿನ ಮೇಲಿಟ್ಟಳು, ಹತ್ತಿರದ ಕೆಲಸಕ್ಕೆ ಬರಿಗಣ್ಣೇ ಚೆನ್ನ, ದೂರದ್ದು ಮಾತ್ರ ಕಲಸಿಹೋಗುತ್ತದೆ, ಅಂಗಡಿ ಗೊತ್ತಿದ್ದೂ ಅತ್ತಿಗೆ ಯಾಕೆ ಈ ಕಡೆ ಬರಲಿಲ್ಲ, ಬೇಡವೆಂದೋ, ತಾನು ಕರೆಯಲಿ ಎಂದೋ, ಹೋಗಿ ಏನು ಕೇಳುವುದು, ಆ ರಾತ್ರಿ ಎಲ್ಲಿ ಮಲಗಿದಿರಿ ಎಂದೇ, ಛೇ, ಏನು ಓದ್ತಿದೀರಿ ಅತ್ತಿಗೆ, ಅಷ್ಟು ಸಾಕು, ಅದೊಂದು ಕೇಳಿದರೆ ಉಳಿದದ್ದು ತಾನಾಗಿ ಬರುತ್ತದೆ — ಹಾರ್ನ್, ಬಸ್ಸು, ಸ್ಕ್ರೂ ಎಲ್ಲೋ ಉರುಳಿತು, ಹಾಳಾಗಲಿ, ಬಾಗಿಲು ತಳ್ಳಿ ಮೆಟ್ಟಿಲಿಗೆ ಓಡಿದಳು, ಅತ್ತಿಗೇ, ಎಂದು ರಸ್ತೆಯವರೆಲ್ಲ ತಿರುಗುವ ಹಾಗೆ ಕೂಗಿದಳು, ಬೆಂಚು ಖಾಲಿ, ಬಸ್ಸು ಆಗಲೇ ಹೊರಟಿದೆ, ಕಿಟಕಿಯೊಂದರಲ್ಲಿ ಗಿಡ್ಡ ಕೂದಲಿನ ಮಸುಕು, ಅದು ತಿರುಗಿತು, ಕೈ ಎತ್ತಿತು, ಪುಸ್ತಕದ ರಟ್ಟನ್ನು ಗಾಜಿಗೆ ಒತ್ತಿ ಹಿಡಿಯಿತು, ತನ್ನ ಕಡೆಗೇ, ಇದನ್ನು ಓದು — ಕೆಂಪು ರಟ್ಟು, ಹೆಸರೇನು, ಕಣ್ಣು ಕಿರಿದು ಮಾಡುತ್ತಾಳೆ, ಬಿಳಿ ಗೀಟು, ಬರಿಯ ಬಿಳಿ ಗೀಟು, ಕನ್ನಡಕ ಕೌಂಟರಿನ ಮೇಲೆ, ಊರಿಗೆಲ್ಲ ಕಣ್ಣು ಸರಿಮಾಡುವವಳ ಕನ್ನಡಕ ಕೌಂಟರಿನ ಮೇಲೆ, ಮುಂದೇನಾಗುತ್ತೆ ಮಗಳೇ, ಒಳಗಿಂದ ಕಾದಂಬರಿ ಹಿಡಿದ ತಾತ, ಗೊತ್ತಿಲ್ಲ ತಾತ, ಬಸ್ಸು ತಿರುವಿನಲ್ಲಿದೆ, ಹೆಸರು ಕಾಣಲಿಲ್ಲ, ಕೆಂಪು ರಟ್ಟು, ಅದರ ಅಂಚಿನಲ್ಲಿ ಒಂದು ಮಸುಕು, ಇನ್ನೂ ಪುಟ ಬಿಡದ ಹೆಬ್ಬೆರಳು, ಹೆಸರು ಕಾಣಲಿಲ್ಲ, ಹೆಬ್ಬೆರಳು, ಹೆಬ್ಬೆರಳು