ರುದ್ರಭೂಮಿಯ ಹುಲ್ಲು

ಹರಿಹರದ ರುದ್ರಭೂಮಿಗೆ ಯಾರೋ ದಾನ ಕೊಟ್ಟಿದ್ದ ಹುಲ್ಲು ಕತ್ತರಿಸುವ ರೋಬೋ ಕೆಲವೇ ದಿನಗಳಲ್ಲಿ ಮೂಲೆ ಸೇರಿತ್ತು. ಸುತ್ತ ಹೂತಿದ್ದ ತಂತಿಯೊಂದನ್ನು ಬಿಟ್ಟರೆ ಅದಕ್ಕೆ ಬೇರೆ ಎಲ್ಲೆ ಗೊತ್ತಿರಲಿಲ್ಲ. ತಗ್ಗಾದ ಸಮಾಧಿಗಳ ಮೇಲೆಲ್ಲ ಹತ್ತಿ ಇಳಿಯುತ್ತಿತ್ತು. ಜನ ಸಿಟ್ಟಾದರು.

ದಾವಣಗೆರೆಯಲ್ಲಿ ಯುಪಿಎಸ್ ರಿಪೇರಿ ಅಂಗಡಿ ಇಟ್ಟಿದ್ದ ಬಸವಕಿರಣ್ ಅದನ್ನು ಕೇಳಿ ತಂದು ಬಿಚ್ಚಿದ. ಹಳೆಯ ಬೋರ್ಡ್ ಕಿತ್ತು, ತಾನೇ ಬೆಸುಗೆ ಹಾಕಿದ ಹೊಸದನ್ನು ಕೂರಿಸಿದ. ಬೆನ್ನಿಗೊಂದು ಜಿಪಿಎಸ್ ಆಂಟೆನಾ ಬಿಗಿದ. ಯಾವ್ಯಾವುದೋ ದೇಶದ ಹವ್ಯಾಸಿಗಳು ಸೇರಿ ಬರೆದು, ಯಾರು ಬೇಕಾದರೂ ಬಳಸಲೆಂದು ಬಿಟ್ಟಿದ್ದ ಓಪನ್ ಸೋರ್ಸ್ ಸಾಫ್ಟ್‌ವೇರ್ ತುಂಬಿದ. ಇನ್ನು ಬೇಕಿದ್ದದ್ದು ನಕ್ಷೆ. ಪ್ರತಿ ಸಮಾಧಿಯ ಸುತ್ತ ಒಮ್ಮೆ ಅದನ್ನು ನಡೆಸಿ ತೋರಿಸಿದರೆ ಸಾಕು, ಆ ಗೆರೆಯನ್ನು ಮತ್ತೆ ದಾಟುವುದಿಲ್ಲ.

ಹಳೆಯ ಸಮಾಧಿಗಳ ಗುರುತು ಬಲ್ಲವರು ಬೇಕಲ್ಲ ಎಂದು ಬಸವಕಿರಣ್ ತನ್ನ ಅಪ್ಪ ಅಜ್ಜಪ್ಪನವರನ್ನು ಕರೆತಂದ. ಹರಿಹರ ಅವರ ಹುಟ್ಟೂರು. ಬೆಳಿಗ್ಗೆಯಿಂದ ಅವರು ಮುಂದೆ, ರೋಬೋ ಹಿಂದೆ. ಗೋಡೆಯ ಹತ್ತಿರ, ಬರೀ ಹುಲ್ಲಿದ್ದ ಕಡೆ ಅಜ್ಜಪ್ಪ ನಿಂತುಬಿಟ್ಟರು.

"ಇಲ್ಲೂ ಗೆರಿ ಹಾಕು."

"ಇಲ್ಲೇನೈತೆ ಅಪ್ಪಾಜಿ?"

"ನಿನಗಿಂತ ಮೊದ್ಲು ಒಂದು ಹೆಣ್ಣುಕೂಸು ಹುಟ್ಟಿತ್ತು. ಹೆಸರಿಡೋ ಮೊದ್ಲೇ ಹೋತು. ನಾನೇ ಎತ್ಕೊಂಡು ಬಂದೆ. ನಿಮ್ಮವ್ವ ಬಾಣಂತಿ, ಆಕಿ ಬರೋದು ಬ್ಯಾಡ ಅಂದ್ರು ಎಲ್ಲಾರೂ. ಆಮ್ಯಾಲೆ ಎಲ್ಲಿ ಅಂತ ಆಕಿ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ."

ಬಸವಕಿರಣ್, ಅಪ್ಪ ತೋರಿಸಿದ ಜಾಗದ ಸುತ್ತ ಯಂತ್ರವನ್ನು ಮೆಲ್ಲಗೆ ತಿರುಗಿಸಿದ. ಫೋನಿನಲ್ಲಿ ಪುಟ್ಟದೊಂದು ಚೌಕ ಮೂಡಿ, ಹೆಸರು ಕೇಳಿತು. ಖಾಲಿ ಬಿಟ್ಟ.

ಸಂಜೆ ಮನೆಯಲ್ಲಿ ಅಜ್ಜಪ್ಪನವರೇ ಹೆಂಡತಿಗೆ ಹೇಳಿದರು. ನಿರ್ಮಲಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ನಾಳೆ ಕರ್ಕೊಂಡು ಹೋಗ್ರಿ" ಅಂದರು, ಅಷ್ಟೇ.

ಮರುದಿನ ರೋಬೋ ಸಮಾಧಿಗಳನ್ನು ಬಳಸಿ ಬಳಸಿ ಹುಲ್ಲು ಸವರುತ್ತಿತ್ತು. ಗೋಡೆಯ ಬದಿ ಅದು ಮುಟ್ಟದೆ ಬಿಟ್ಟ ಹುಲ್ಲಿನ ಮುಂದೆ ನಿರ್ಮಲಮ್ಮ ಕೂತರು. ಗಂಡನನ್ನು ಕೇಳಿದರು, "ಏನು ಹೊದಿಸಿದ್ರಿ ಅದಕ್ಕೆ?"

"ನಿನ್ನ ಹಸರು ಸೀರೀನ."

"ಕಳದೋತು ಅಂದಿದ್ರಿ."

"ಹೂಂ."

ನಿರ್ಮಲಮ್ಮ ಸೆರಗು ಬಾಯಿಗೊತ್ತಿ ಅತ್ತರು. ಅಜ್ಜಪ್ಪ ಮೊಣಕಾಲು ಹಿಡಿದುಕೊಂಡು, ಮೆಲ್ಲಗೆ ಅವರ ಪಕ್ಕ ನೆಲಕ್ಕೆ ಕೂತರು. ಬಸವಕಿರಣ್ ಯಂತ್ರ ನಿಲ್ಲಿಸಿ, ಗೇಟಿನ ಹತ್ತಿರ ಹೋಗಿ ಅವರಿಗೆ ಬೆನ್ನು ಮಾಡಿ ನಿಂತ.