ಮುಟ್ಟದ ಮೂರನೇ ಬೇಸ್

ಚರ್ಚಿನ ಮೆಟ್ಟಿಲಿಳಿಯುವಾಗ ಶವಪೆಟ್ಟಿಗೆ ಒಂದು ಕಡೆಗೆ ವಾಲಿತು. ವರ್ನ್ ಹ್ರುಸ್ಕನ ಮೊಣಕಾಲು ಕೈಕೊಟ್ಟಿತ್ತು. ಎದುರು ಬದಿ ಹಿಡಿದಿದ್ದ ಕ್ಲೆಮ್, ಒಂದು ಕಾಲಕ್ಕೆ ಅವನದೇ ಬೇಸ್‌ಬಾಲ್ ತಂಡದಲ್ಲಿ ಚೆಂಡೆಸೆಯುತ್ತಿದ್ದ ಪಿಚರ್, ಹಲ್ಲುಕಚ್ಚಿ ಭಾರ ಎಳೆದುಕೊಂಡ.

“ನಿಧಾನ ಮಾರಾಯ. ಡೆಲ್ಮರ್ ಜೊತೆ ನೀನೂ ಹೊರಟುಬಿಟ್ಟೀಯ.”

ಪೆನ್ಸಿಲ್ವೇನಿಯಾದ ಆ ಗಣಿ ಊರಿನಲ್ಲಿ ಎಲ್ಲರಿಗೂ ಬಾಯಿಪಾಠ: ಐವತ್ತೇಳನೇ ಇಸವಿಯ ಬೇಸ್‌ಬಾಲ್ ಲೀಗಿನಲ್ಲಿ ಅತಿ ಹೆಚ್ಚು ರನ್ ವರ್ನನದು, ನೂರನಾಲ್ಕು. ಪಕ್ಕದೂರಿನ ತಂಡದ ಡೆಲ್ಮರ್ ಗ್ಯಾಂಟ್ಸನದು ನೂರಮೂರು. ಮೊದಲಿಗನನ್ನು ಮೇಲಿನ ಲೀಗು ಕರೆಸಿಕೊಂಡಿತು. ಎರಡನೆಯವನು ಮೂವತ್ತೊಂದು ವರ್ಷ ಗಣಿಗಿಳಿದ. ಆ ಕಲ್ಲಿದ್ದಲ ಧೂಳೇ ಈಗ ಅವನ ಉಸಿರು ನಿಲ್ಲಿಸಿತ್ತು.

ಮಣ್ಣಾದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಊಟ. ಅಲ್ಲಿ ಎರಡು ಮಾತಾಡಬೇಕೆಂದು ಪಾದ್ರಿ ವರ್ನನನ್ನು ಕೇಳಿಕೊಂಡಿದ್ದರು. ಇವತ್ತಾದರೂ ಹೇಳಿಬಿಡಬೇಕು ಎಂದು ಅವನು ಗಟ್ಟಿಮಾಡಿಕೊಂಡಿದ್ದ.

*

ಐವತ್ತೇಳರ ಲೀಗಿನ ಕಡೆಯ ಪಂದ್ಯ, ಎರಡೂ ಊರುಗಳ ನಡುವೆ. ಇಬ್ಬರದೂ ನೂರಮೂರು. ನಾಲ್ಕೂ ಬೇಸ್ ಸಾಲಾಗಿ ಮುಟ್ಟಿ ಬಂದರಷ್ಟೇ ಒಂದು ರನ್. ಓಡುತ್ತ ಬಂದ ವರ್ನ್ ಮೂರನೇ ಬೇಸ್ ತಿರುಗುವಾಗ ಕಾಲು ನಾಲ್ಕು ಬೆರಳಷ್ಟು ಆಚೆ ಬಿತ್ತು. ಅವನಿಗೆ ಗೊತ್ತಾಯಿತು. ಆದರೂ ನಿಲ್ಲಲಿಲ್ಲ, ಕೊನೆಯ ಬೇಸ್ ಮುಟ್ಟಿ ರನ್ ಪೂರೈಸಿದ.

ಅಂಪೈರ್ ಕಂಡರೂ ತಾನಾಗಿ ಬಾಯಿಬಿಡುವಂತಿಲ್ಲ. ಎದುರಾಳಿ ಚೆಂಡು ಹಿಡಿದು, ಬೇಸ್ ಮೆಟ್ಟಿ ಕೇಳಿದರಷ್ಟೇ ರನ್ ರದ್ದು. ಅದೂ ಮುಂದಿನ ಎಸೆತಕ್ಕೆ ಮೊದಲು. ಆಮೇಲೆ ಯಾರು ಏನಂದರೂ ಲೆಕ್ಕಕ್ಕಿಲ್ಲ.

ಮೂರನೇ ಬೇಸ್ ಕಾಯುತ್ತಿದ್ದವನು ಡೆಲ್ಮರ್. ಚೆಂಡು ಅವನ ಕೈಗೇ ಬಂದಿತ್ತು. ಮಣ್ಣಿನಲ್ಲಿದ್ದ ಹೆಜ್ಜೆ ನೋಡಿದ. ಆಮೇಲೆ ವರ್ನನನ್ನು ನೋಡಿದ. ವರ್ನ್ ಟೋಪಿ ಸರಿಮಾಡಿಕೊಳ್ಳುತ್ತ ಬೇರೆಲ್ಲೋ ದೃಷ್ಟಿ ಇಟ್ಟ. ಪಂದ್ಯ ಹೇಗೂ ಡೆಲ್ಮರನ ತಂಡದ ಕೈಬಿಟ್ಟಿತ್ತು. ಅವನು ಚೆಂಡನ್ನು ಸುಮ್ಮನೆ ತನ್ನ ತಂಡದ ಪಿಚರನಿಗೆ ಎಸೆದ.

ಸಮಸಮವಾಗಿದ್ದರೆ ಮೇಲಿನ ಲೀಗಿನವರು ಇಬ್ಬರನ್ನೂ ಕರೆಯುತ್ತಿದ್ದರೋ ಏನೋ.

*

ವರ್ನ್ ಎದ್ದು ನಿಂತಾಗ ತಟ್ಟೆಗಳ ಸದ್ದು ಅಡಗಿತು.

“ಆ ದಿನ ನಾನು ಮೂರನೇ ಬೇಸ್ ಮುಟ್ಟಲಿಲ್ಲ. ಡೆಲ್ಮರ್ ನೋಡಿದ್ದ. ಆ ರನ್ ನಂದಲ್ಲ.”

ಮೊದಲು ಚಪ್ಪಾಳೆ ತಟ್ಟಿದವನು ಕ್ಲೆಮ್. “ಸತ್ತವನಿಗೆ ತನ್ನ ಪಟ್ಟಾನೇ ಬಿಟ್ಟುಕೊಡ್ತಾನಲ್ರೋ. ಇಂಥ ದೊಡ್ಡ ಮನಸ್ಸು ಯಾರಿಗಿದೆ?”

ಇದು ನಿಜ ಎಂದು ವರ್ನ್ ಮತ್ತೆ ಮತ್ತೆ ಹೇಳಿದ. ಹೇಳಿದಷ್ಟೂ ಜನ ಕಣ್ಣೊರೆಸಿಕೊಂಡರು.

ಡೆಲ್ಮರನ ಹೆಂಡತಿ ಲೂಯೆಲಾ ಮಾತ್ರ ಅವನನ್ನೇ ನೋಡುತ್ತಿದ್ದಳು. ಅವನು ಅವಳ ಮೇಜಿಗೆ ಹೋದ.

“ಕೇಳಿ ಇಸ್ಕೊಂಡದ್ದು ದಕ್ಕಲ್ಲ ಅಂತಿದ್ರು ನಮ್ಮನೆಯವರು,” ಎಂದಳು. “ನೀವಾಗೇ ಒಂದಿನ ಬಂದು ಹೇಳ್ತೀರಿ ಅಂತ ಕಾಯ್ತಿದ್ರು, ವರ್ನ್. ಆಸ್ಪತ್ರೇಲೂ ಬಾಗಿಲ ಕಡೆನೇ ಮುಖ.”

ಅಷ್ಟರಲ್ಲಿ ಅವನ ಹೆಗಲ ಮೇಲೊಂದು ಕೈ ಬಿತ್ತು. ಲೂಯೆಲಾಳಿಗೆ ಸಮಾಧಾನ ಹೇಳಲು ಸಾಲುಗಟ್ಟಿದ್ದವರು ಒಬ್ಬೊಬ್ಬರಾಗಿ ಅವನತ್ತ ತಿರುಗಿ ಕೈ ಕುಲುಕತೊಡಗಿದರು. ಅವರ ಭುಜಗಳ ಸಂದಿನಿಂದ ಅವನಿಗೆ ಅವಳ ಕೈ ಕಾಣಿಸಿತು. ಮುಂದಿನವರಿಗೆಂದು ಚಾಚಿದ ಕೈ, ಹಿಡಿಯುವವರಿಲ್ಲದೆ, ಮೆಲ್ಲಗೆ ಮೇಜಿನ ಮೇಲೆ ಇಳಿಯುತ್ತಿತ್ತು.